ಮಿನಿ ಕಾರು ಕೊಟ್ಟ ಎಣ್ಣೆ: ಹಳೆ ಎಂಜಿನ್ನಿಗೆ 20ಡಬ್ಲ್ಯೂ-50 ಒಲಿದ ಕತೆ

ಹಳೆ ಕಾರಿನ ಎಂಜಿನ್ನಿಗೆ ಆಯಿಲ್ ಆರಿಸುವಾಗ ನೋಡಬೇಕಾದದ್ದು ಅದರ ದಪ್ಪ ಮತ್ತು ಅದರೊಳಗೆ ಬೆರೆಸಿದ ರಸಾಯನ. ಡಬ್ಬಿಯ ಬೆಲೆಯಾಗಲಿ, ಅದರ ಮೇಲಿನ 'ಫುಲ್ ಸಿಂಥೆಟಿಕ್' ಎಂಬ ಹೊಳೆಯುವ ಅಕ್ಷರವಾಗಲಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ವಿಲ್ಲಿಸ್ ಜೀಪುಗಳ ಪೆಟ್ರೋಲ್ ಎಂಜಿನ್ನುಗಳನ್ನು ರೂಪಿಸಿದವರ ಕಾಲದಲ್ಲಿ ಇಂದಿನ ನೀರಿನಂಥ ತೆಳು ಎಣ್ಣೆ ಇರಲೇ ಇಲ್ಲ. ಎಂಜಿನ್ನಿನ ಒಳಗಿನ ಸಂದುಗಳನ್ನು ಆ ಕಾಲದ ಎಣ್ಣೆಗೆ ಹೊಂದಿಸಿಯೇ ಬಿಟ್ಟಿದ್ದರು.

ಎಣ್ಣೆಯ ದಪ್ಪಕ್ಕೆ ಅಂಕಿ ಕೊಡುವ ಪದ್ಧತಿ ಶುರುವಾದದ್ದು 1911ರಲ್ಲಿ, ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವಾದ ಎಸ್‌ಎಇಯಿಂದ. ಅಂಕಿ ದೊಡ್ಡದಾದಷ್ಟೂ ಎಣ್ಣೆ ದಪ್ಪ. ಇಂದಿನ ಲೆಕ್ಕದಲ್ಲಿ, ನೂರು ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 20ರ ಎಣ್ಣೆಯ ದಪ್ಪ 6.9ರಿಂದ 9.3 ಸೆಂಟಿಸ್ಟೋಕ್, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. ಚಳಿ ದೇಶಗಳಲ್ಲಿ ಒಂದೇ ಅಂಕಿಯ ಎಣ್ಣೆ ಬೆಳಗ್ಗೆ ಗಟ್ಟಿಯಾಗಿ ಎಂಜಿನ್ ತಿರುಗಲು ಬಿಡುತ್ತಿರಲಿಲ್ಲ. ಬೇಸಿಗೆಗೊಂದು, ಚಳಿಗೊಂದು ಎಣ್ಣೆ ಹಾಕಬೇಕಾಗಿತ್ತು. ಅದಕ್ಕಾಗಿ ಡಬ್ಲ್ಯೂ ಸೇರಿದ ಚಳಿಗಾಲದ ಅಂಕಿಗಳು ಬಂದವು. 20ಡಬ್ಲ್ಯೂ ಎಣ್ಣೆಯಲ್ಲಿ ಎಂಜಿನ್ ತಿರುಗುತ್ತದೆಯೇ ಎಂದು ಪರೀಕ್ಷಿಸುವುದು ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ, 0ಡಬ್ಲ್ಯೂ ಎಣ್ಣೆಯನ್ನು ಮೂವತ್ತೈದು ಡಿಗ್ರಿ ಕೆಳಗೆ. ಘಟ್ಟದ ಬುಡದ ಕೋಡಿಂಬಾಳದಲ್ಲಿ ಮಾಗಿಯ ಬೆಳಗ್ಗೆಯೂ ಅಂಥ ಚಳಿ ಇಲ್ಲ. ಇಲ್ಲಿ 0ಡಬ್ಲ್ಯೂ ಎಣ್ಣೆಗೆ ಹೆಚ್ಚು ಹಣ ಕೊಡುವುದೆಂದರೆ ಎಂದೂ ಬಾರದ ಚಳಿಗೆ ಹಣ ಕೊಟ್ಟಂತೆ.

ಇಂದು ಹಳೆ ಕಾರಿನವರೆಲ್ಲ ನೆಚ್ಚಿಕೊಳ್ಳುವ 20ಡಬ್ಲ್ಯೂ-50ರ ಹಿಂದೆ ಒಂದು ಪುಟ್ಟ ಕಾರಿದೆ. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಬ್ರಿಟನ್ನಿಗೆ ಪೆಟ್ರೋಲ್ ಕೊರತೆಯಾಯಿತು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಮುಖ್ಯಸ್ಥ ಲೆನರ್ಡ್ ಲಾರ್ಡ್, ಕಡಿಮೆ ಕುಡಿಯುವ ಸಣ್ಣ ಕಾರೊಂದನ್ನು ಮಾಡಿಕೊಡುವಂತೆ ವಿನ್ಯಾಸಕ ಅಲೆಕ್ ಇಸಿಗೋನಿಸ್‌ಗೆ ಹೇಳಿದರು. 1959ರ ಆಗಸ್ಟ್ 26ರಂದು ಹೊರಬಂದ ಮಿನಿಯ ಉದ್ದ ಬರೀ ಹತ್ತು ಅಡಿ, ಚಕ್ರಗಳು ಹತ್ತು ಇಂಚಿನವು. ಅಷ್ಟರಲ್ಲೇ ನಾಲ್ವರನ್ನು ಕೂರಿಸಲು ಇಸಿಗೋನಿಸ್ ಎಂಜಿನ್ನನ್ನು ಅಡ್ಡ ತಿರುಗಿಸಿ, ಗೇರ್‌ಬಾಕ್ಸನ್ನು ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿನೊಳಕ್ಕೇ ಇಳಿಸಿಬಿಟ್ಟರು. ಪಿಸ್ಟನ್ನಿಗೂ ಗೇರಿನ ಹಲ್ಲಿಗೂ ಒಂದೇ ಎಣ್ಣೆ. ಕಾರು ತಯಾರಿಕೆಯ ಚರಿತ್ರೆಯಲ್ಲಿ ಇದಕ್ಕಿಂತ ಧೈರ್ಯದ ಜೋಡಣೆ ಅಪರೂಪ.

ತೊಂದರೆ ಶುರುವಾದದ್ದು ಅಲ್ಲೇ. ಚಳಿಗೊಂದು, ಬಿಸಿಗೊಂದು ಎಂದು ಎರಡು ಅಂಕಿಯಿರುವ ಮಲ್ಟಿಗ್ರೇಡ್ ಎಣ್ಣೆಯ ಗುಟ್ಟು ಪಾಲಿಮರ್ ಎಂಬ ಉದ್ದನೆಯ ಅಣುಸರಪಳಿಗಳಲ್ಲಿದೆ. ತಣ್ಣಗಿದ್ದಾಗ ಮುದುಡಿಕೊಂಡಿರುವ ಇವು ಬಿಸಿಯಾದಾಗ ಬಿಚ್ಚಿಕೊಳ್ಳುತ್ತವೆ, ಎಣ್ಣೆ ಅತಿಯಾಗಿ ತೆಳುವಾಗದಂತೆ ತಡೆಯುತ್ತವೆ. ಮಿನಿಯ ಗೇರ್ ಹಲ್ಲುಗಳ ನಡುವೆ ಅವು ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ ತುಂಡಾದವು. ದಪ್ಪವಿದ್ದ ಎಣ್ಣೆ ಕೆಲವೇ ಸಾವಿರ ಮೈಲಿಯಲ್ಲಿ ತೆಳ್ಳಗಾಗಿ ಎಣ್ಣೆಯ ಒತ್ತಡ ಕುಸಿಯಿತು. 1960ರ ದಶಕದಲ್ಲಿ ಡಕಮ್ಸ್ ಎಂಬ ಎಣ್ಣೆ ಕಂಪನಿ ಇದಕ್ಕೊಂದು ದಾರಿ ಹುಡುಕಿತು. ಮೊದಲೇ ದಪ್ಪಗಿರುವ ಎಣ್ಣೆಯಿಂದ ಹೊರಟು, ಮೇಲಿನ ಅಂಕಿಯನ್ನು 50ಕ್ಕೆ ಏರಿಸಿದ ಕ್ಯೂ20-50 ಎಂಬ ಹಸಿರು ಬಣ್ಣದ ಎಣ್ಣೆಯನ್ನು ಮಾರುಕಟ್ಟೆಗೆ ತಂದಿತು. ಕತ್ತರಿಸಿಹೋದ ಮೇಲೂ ಎಂಜಿನ್ ಉಳಿಸುವಷ್ಟು ದಪ್ಪ ಅದರಲ್ಲಿ ಮಿಗುತ್ತಿತ್ತು. ಮಿನಿಗೆ ಬಂದ ಔಷಧ ಬೇಗನೆ ಬ್ರಿಟನ್ನಿನ ಉಳಿದ ಕಾರುಗಳಿಗೂ ಹಬ್ಬಿತು.

ಭಾರತದ ರಸ್ತೆಗೂ ಮಿನಿಯ ಮನೆತನಕ್ಕೂ ಹತ್ತಿರದ ನಂಟು. ಇಸಿಗೋನಿಸ್ ಮೊದಲು ರೂಪಿಸಿದ್ದ ಮಾರಿಸ್ ಮೈನರ್ ಇಲ್ಲಿ 'ಬೇಬಿ ಹಿಂದೂಸ್ತಾನ್' ಆಗಿ ಓಡಿತು. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಸರಣಿಯೇ ಅಂಬಾಸಿಡರ್. 2014ರವರೆಗೆ ತಯಾರಾದ ಆ ಕಾರಿನ ಹೊಟ್ಟೆಯಲ್ಲಿ ಬಹುಕಾಲ ಇದ್ದದ್ದು ಬಿಎಂಸಿಯ 1489 ಸಿಸಿ ಎಂಜಿನ್. ಅದರ ಗೇರ್‌ಬಾಕ್ಸ್ ಬೇರೆಯೇ ಇದ್ದುದರಿಂದ ಎಣ್ಣೆ ಕತ್ತರಿಸಿಹೋಗುವ ಕಾಟ ಇರಲಿಲ್ಲ. ಆದರೆ ಶಿರಾಡಿ, ಬಿಸಿಲೆ ಘಾಟಿಗಳಲ್ಲಿ ಕಡಿಮೆ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುವ ಎಂಜಿನ್ನಿಗೆ, ಬೇರಿಂಗ್ ಸವೆದು ಸಂದು ಅಗಲವಾದ ಎಂಜಿನ್ನಿಗೆ ದಪ್ಪ ಎಣ್ಣೆಯೇ ಒತ್ತಡ ಕಾಯ್ದುಕೊಡುವುದು. ತೆಳು ಎಣ್ಣೆ ಹಾಕಿದರೆ ಅದು ಹಳೆ ಸೀಲುಗಳಿಂದ ಒಸರಿ ನೆಲ ಸೇರುತ್ತದೆ.

ದಪ್ಪದ ಮಾತು ಮುಗಿದರೂ ರಸಾಯನದ ಮಾತು ಉಳಿಯುತ್ತದೆ. ಹಳೆ ಎಂಜಿನ್ನುಗಳ ಕ್ಯಾಮ್‌ಶಾಫ್ಟ್ ಚಪ್ಪಟೆ ಟ್ಯಾಪೆಟ್ಟಿನ ಮೇಲೆ ಉಜ್ಜಿಕೊಂಡು ತಿರುಗುತ್ತದೆ. ಇಡೀ ಎಂಜಿನ್ನಿನಲ್ಲಿ ಲೋಹಕ್ಕೆ ಲೋಹ ಅತಿ ಬಿರುಸಾಗಿ ಒತ್ತುವ ಜಾಗಗಳಲ್ಲಿ ಅದೂ ಒಂದು. ಅಲ್ಲಿ ಕಾಪಾಡುವುದು ಸತು ಮತ್ತು ಫಾಸ್ಫರಸ್ ಸೇರಿದ ಜಿಂಕ್ ಡೈಥಯೋಫಾಸ್ಫೇಟ್. 1940ರ ದಶಕದಲ್ಲಿ ಎಣ್ಣೆ ಕೆಡದಂತೆ, ಬೇರಿಂಗ್ ತುಕ್ಕು ಹಿಡಿಯದಂತೆ ಬೆರೆಸತೊಡಗಿದ್ದ ಈ ವಸ್ತು, ಬಿಸಿ ಮತ್ತು ಒತ್ತಡದಲ್ಲಿ ಉಕ್ಕಿನ ಮೇಲೆ ಗಾಜಿನಂಥ ತೆಳುಪೊರೆ ಕಟ್ಟುತ್ತದೆ ಎಂಬುದು ಆಮೇಲೆ ತಿಳಿಯಿತು.

ಎಣ್ಣೆಯಲ್ಲಿ ಈ ರಸಾಯನವನ್ನು ಕಡಿಮೆ ಮಾಡಿಸಿದ್ದು ಕೆಟಲಿಟಿಕ್ ಕನ್ವರ್ಟರ್. ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾದ ಈ ಹೊಗೆಶೋಧಕಕ್ಕೆ ಫಾಸ್ಫರಸ್ ವಿಷ. ಹೀಗಾಗಿ ಎಣ್ಣೆಯಲ್ಲಿ ಫಾಸ್ಫರಸ್ ಮಿತಿ ಶೇ 0.12ರಿಂದ 0.10ಕ್ಕೆ, 2004ರಲ್ಲಿ ಬಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯ ಎಸ್‌ಎಂ ದರ್ಜೆಯಲ್ಲಿ 0.08ಕ್ಕೆ ಇಳಿಯಿತು. ಗಾಳಿಯ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನವೇ. ಹಳೆ ಎಂಜಿನ್ನುಗಳಿಗೆ ಆಗುವ ನಷ್ಟವನ್ನು ಮಾತ್ರ ಡಬ್ಬಿಯ ಮೇಲೆ ದೊಡ್ಡದಾಗಿ ಯಾರೂ ಬರೆಯಲಿಲ್ಲ. ಹೊಸದಾಗಿ ಕ್ಯಾಮ್ ಹಾಕಿಸಿದ ಎಂಜಿನ್ನುಗಳು ಓಡಿಸಿದ ಮೊದಮೊದಲಲ್ಲೇ ಸವೆದುಹೋದ ದೂರುಗಳು ದೇಶ ದೇಶಗಳ ಹಳೆ ಕಾರಿನವರಿಂದ ಬಂದವು.

ಅದೃಷ್ಟಕ್ಕೆ 0.08ರ ಆ ಕಟ್ಟು ತೆಳು ದರ್ಜೆಗಳಿಗೆ ಮಾತ್ರ. 20ಡಬ್ಲ್ಯೂ-50, 20ಡಬ್ಲ್ಯೂ-40, 15ಡಬ್ಲ್ಯೂ-40 ಅದರ ಹೊರಗಿವೆ. ಇಂಥ ದಪ್ಪ ಎಣ್ಣೆ ಹಳ್ಳಿಪೇಟೆಯ ಅಂಗಡಿಯಲ್ಲೂ ಸಿಗುತ್ತಿರುವುದು ಬೈಕುಗಳ ದೆಸೆಯಿಂದ. ಇಂದಿನ ಹೆಚ್ಚಿನ ಬೈಕುಗಳಲ್ಲಿ ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆ, ಅಂದರೆ ಮಿನಿಯದೇ ಏರ್ಪಾಡು. ಬೈಕ್ ಎಣ್ಣೆಗೆ ಜಪಾನ್ ರೂಪಿಸಿದ ಜಾಸೋ ಎಂಎ ಮಾನದಂಡ ಫಾಸ್ಫರಸ್ ಶೇ 0.08ರಿಂದ 0.12ರೊಳಗೆ ಇರಬೇಕೆನ್ನುತ್ತದೆ, ಹಳೆ ಕಾರಿಗೂ ಬೇಕಾದದ್ದು ಅಷ್ಟೇ.

ಹಳೆಯದಕ್ಕೆ ಹಳೆಯದೇ ಸರಿ ಎಂದು ಎಪಿಐ ಎಸ್‌ಎ ದರ್ಜೆಯ ಅಗ್ಗದ ಎಣ್ಣೆ ಹಾಕುವುದು ಮಾತ್ರ ದೊಡ್ಡ ತಪ್ಪು. ಅದರಲ್ಲಿ ಯಾವ ರಕ್ಷಕ ರಸಾಯನವೂ ಇಲ್ಲ. 1930ರ ನಂತರದ ಎಂಜಿನ್ನುಗಳಿಗೆ ಅದು ಹೊಂದುವುದಿಲ್ಲ. ಹಾಗೆಯೇ, ಹತ್ತಾರು ವರ್ಷ ಬಿಚ್ಚದೆ ಬಿಟ್ಟ ಎಂಜಿನ್ನಿಗೆ ಡಿಟರ್ಜೆಂಟ್ ಹೆಚ್ಚಿರುವ ಹೊಸ ಎಣ್ಣೆ ಸುರಿದರೆ ತಳದಲ್ಲಿ ಕೂತ ಕೆಸರೆದ್ದು ಎಣ್ಣೆಯ ದಾರಿ ಕಟ್ಟಬಹುದು. ಮೊದಲು ಚೇಂಬರ್ ಇಳಿಸಿ ತೊಳೆಯಿಸಬೇಕು. ಡೀಸೆಲ್ ಜೀಪುಗಳಿಗೆ 15ಡಬ್ಲ್ಯೂ-40ರ ಡೀಸೆಲ್ ಎಣ್ಣೆಯೇ ಸಾಕು.

ಕರಾವಳಿಯ ಕಡೆ ಇನ್ನೊಂದು ಶತ್ರು ಮಳೆ. ಜೂನ್‌ನಿಂದ ಶೆಡ್ಡಿನಲ್ಲಿ ನಿಲ್ಲುವ ಕಾರಿನ ಎಣ್ಣೆಯಲ್ಲಿ ತೇವ ಸೇರುತ್ತದೆ, ಹಳೆ ಎಣ್ಣೆಯ ಆಮ್ಲ ಬೇರಿಂಗನ್ನು ತಿನ್ನುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಇನ್ನಷ್ಟು ನೀರು ಹುಟ್ಟುತ್ತದೆಯೇ ಹೊರತು ಇರುವುದು ಆರುವುದಿಲ್ಲ. ಮೇ ಕೊನೆಗೆ ಎಣ್ಣೆ ಬದಲಿಸಿ, ಹೊಳವಾದ ದಿನ ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸುವುದು ಒಳ್ಳೆಯದು. ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ, ವರ್ಷಕ್ಕೊಮ್ಮೆ ಬದಲಾವಣೆ ಆಗಲೇಬೇಕು.

ಧರ್ಮಸ್ಥಳದಲ್ಲೂ ಶ್ರೀರಂಗಪಟ್ಟಣದ 'ಪಯಣ' ಕಾರು ಸಂಗ್ರಹಾಲಯದಲ್ಲೂ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಹಳೆ ವಾಹನಗಳನ್ನು ಜೋಪಾನ ಮಾಡಿರುವುದರಿಂದ ಆ ಕಾರುಗಳ ಮೈಯಾದರೂ ಮುಂದಿನವರಿಗೆ ಕಾಣಸಿಗುತ್ತದೆ. ಅವುಗಳ ಜತೆ ಬರುತ್ತಿದ್ದ ಕೈಪಿಡಿಗಳು, ಯಾವ ಮೂಲೆಗೆ ಯಾವ ಎಣ್ಣೆ ಎಂದು ತೋರಿಸುತ್ತಿದ್ದ ಪಟಗಳು ಮನೆ ಮನೆಗಳಲ್ಲಿ ರದ್ದಿಗೆ ಹೋಗುತ್ತಿರುವುದು ಕಾರು ಗುಜರಿಗೆ ಹೋಗುವಷ್ಟೇ ದುಃಖದ ಸಂಗತಿ. ಹಳೆ ಕಾರು ಇರುವವರು ಪೆಟ್ಟಿಗೆ, ಅಟ್ಟ ತಡಕಿ ಆ ಪುಸ್ತಕ ಹುಡುಕಲಿ. ಸಿಕ್ಕರೆ ನೆರೆಯ ಗ್ಯಾರೇಜಿಗೂ ಒಂದು ಪ್ರತಿ ಕೊಡಲಿ. ಸಿಗದಿದ್ದರೆ, ಈ ಸೀಮೆಯ ಅಂಬಾಸಿಡರ್, ಪದ್ಮಿನಿ, ಪೆಟ್ರೋಲ್ ಜೀಪುಗಳಿಗೆ ಒಳ್ಳೆ ಕಂಪನಿಯ ಮಿನರಲ್ 20ಡಬ್ಲ್ಯೂ-50 ಧಾರಾಳವಾಗಿ ಹಾಕಬಹುದು.