ಸ್ಪಿರಿಟ್ ಒಲೆಗೆ ಎಷ್ಟಗಲದ ಪಾತ್ರೆ ಬೇಕು?

ಈ ಸಲದ ವಿಡಿಯೋ ತಾರ್ನಾಕದ ನಮ್ಮ ಮನೆ ತಾರಸಿ ಮೇಲೆ ಮಾಡಿದ್ದು. ಗಾಳಿ ಸದ್ದಿಗೆ ಅರ್ಧ ಮಾತು ಕೇಳಿಸಲ್ಲ, ಅದಕ್ಕೇ ಹೇಳಿದ್ದನ್ನ ಇಲ್ಲಿ ಬರೆದು ಹಾಕ್ತಿದ್ದೀನಿ. ಚಾರಣಕ್ಕೆ ಹೋಗೋರು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಒಲೆ ಹಗುರ ಅಂತ ತಗೊಂಡ್ವಿ, ನೀರು ಕುದಿಯೋ ಮೊದಲೇ ಸ್ಪಿರಿಟ್ ಮುಗಿಯುತ್ತೆ, ಬೇರೆ ಯಾವ ಒಲೆ ತಗೊಳ್ಳೋಣ? ಒಲೆ ಇರಲಿ, ಮೊದಲು ಪಾತ್ರೆ ನೋಡಿ.

ಸಣ್ಣ ಲೆಕ್ಕ ಮಾಡೋಣ. ಹೈದರಾಬಾದ್ ಸಮುದ್ರಮಟ್ಟದಿಂದ 500 ಮೀಟರ್‌ಗೂ ಮೇಲಿದೆ, ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತೆ. 25 ಡಿಗ್ರಿಯ ಅರ್ಧ ಲೀಟರ್ ನೀರನ್ನ ಅಲ್ಲಿಗೆ ಮುಟ್ಟಿಸೋಕೆ 153 ಕಿಲೋಜೂಲ್ ಶಾಖ ಬೇಕು. ಒಂದು ಮಿಲಿಲೀಟರ್ ಎಥನಾಲ್ ಕೊಡೋದು ಸುಮಾರು 21. ಏನೂ ಪೋಲಾಗದಿದ್ರೆ ಏಳೆಂಟು ಮಿಲಿ ಸಾಕು! ಬಯಲಲ್ಲಿ ಹಾಗಾಗಲ್ಲ. ಅರ್ಧ ಶಾಖ ನೀರಿಗೆ ಸೇರಿದ್ರೆ 15 ಮಿಲಿ, ಕಾಲು ಭಾಗ ಮಾತ್ರ ಸೇರಿದ್ರೆ 30. ಮಿಕ್ಕಿದ್ದು ಆಕಾಶಕ್ಕೆ.

ಎಲ್ಲಿ ಹೋಗುತ್ತೆ ಅಂದ್ರೆ, ಪಾತ್ರೆಯ ಪಕ್ಕದಿಂದ. 8 ಸೆಂಟಿಮೀಟರ್ ಅಗಲದ ಮಗ್‌ನಲ್ಲಿ ಅರ್ಧ ಲೀಟರ್ ನೀರು 10 ಸೆಂಟಿಮೀಟರ್ ಎತ್ತರ ನಿಲ್ಲುತ್ತೆ. ಅದೇ ನೀರು 12 ಸೆಂಟಿಮೀಟರ್ ಅಗಲದ ಪಾತ್ರೆಯಲ್ಲಿ ಬರೀ ನಾಲ್ಕೂವರೆ. ತಳದ ವಿಸ್ತೀರ್ಣ ಎರಡು ಪಟ್ಟಿಗಿಂತ ಜಾಸ್ತಿ. ಬೀದರ್, ಕಲಬುರಗಿ ಕಡೆಯವರು ಭಗೋಣಿ ಅಂತೀವಲ್ಲ, ಆ ಆಕಾರದ ಸಣ್ಣ ಅಲ್ಯೂಮಿನಿಯಂ ಪಾತ್ರೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ದುಬಾರಿ ಟೈಟಾನಿಯಂ ಮಗ್ ಹಗುರ ನಿಜ, ಆದ್ರೆ ಅಲ್ಲಿ ಉಳಿಸಿದ ತೂಕವನ್ನ ಸ್ಪಿರಿಟ್ ಬಾಟಲಿಯಲ್ಲಿ ಹೊರಬೇಕಾದ್ರೆ ಏನು ಬಂತು?

ಒಲೆಗಳಲ್ಲೂ ಜಾತಿ ಇದೆ. ಕೂಲ್‌ಡ್ರಿಂಕ್ ಕ್ಯಾನ್ ಕತ್ತರಿಸಿ ಪಕ್ಕದಲ್ಲಿ ತೂತು ಕೊರೆದು ಮಾಡ್ತಾರಲ್ಲ, ಅದರ ಮೇಲೇ ಪಾತ್ರೆ ಕೂರುತ್ತೆ, ಉರಿ ಹೊರಗಡೆ ಹರಡುತ್ತೆ. ಅದಕ್ಕೆ ಅಗಲ ಪಾತ್ರೆಯೇ ಆಗಬೇಕು. ಮಗ್ ಬಿಡಲ್ಲ ಅನ್ನೋರು ಕಿರಿದಾದ ಬಟ್ಟಲಿನ, ಸಣ್ಣಗೆ ಉರಿಯೋ ಒಲೆ ತಗೊಳ್ಳಿ. ನಿಧಾನ ಆಗುತ್ತೆ, ಪೋಲಾಗಲ್ಲ. ಸ್ವೀಡನ್ನಿನ ಟ್ರಾಂಜಿಯಾ ಕಂಪನಿ 1951ರಿಂದ ಒಲೆ, ಗಾಳಿತಡೆ, ಪಾತ್ರೆ ಮೂರನ್ನೂ ಒಂದಕ್ಕೊಂದು ಹೊಂದಿಸಿ ಒಂದೇ ಸೆಟ್ ಆಗಿ ಮಾರ್ತಿರೋದು ಸುಮ್ಮನೆ ಅಲ್ಲ.

ತೆರೆದ ಬಟ್ಟಲಿನ ಒಲೆಗೂ ಪಾತ್ರೆ ತಳಕ್ಕೂ ಎರಡು ಬೆರಳಗಲ ಜಾಗ ಬಿಡಿ. ತೀರಾ ಹತ್ತಿರ ಬಂದ್ರೆ ತಣ್ಣನೆ ತಳಕ್ಕೆ ತಾಗಿ ಉರಿ ಪೂರ್ತಿ ಉರಿಯಲ್ಲ. ಹಸಿ ಸ್ಪಿರಿಟ್ ವಾಸನೆ ಬರುತ್ತೆ, ಜತೆಗೆ ಕಾರ್ಬನ್ ಮೊನಾಕ್ಸೈಡ್ ಕೂಡ. ಟೆಂಟ್ ಒಳಗಂತೂ ಹಚ್ಚಲೇಬೇಡಿ. ಸುತ್ತ ಫಾಯಿಲ್ ತಡೆ ಇಡುವಾಗ ಪಾತ್ರೆಯಿಂದ ಒಂದು ಬೆರಳು ದೂರ ಇರಲಿ, ಕೆಳಗೆ ಗಾಳಿಗೆ ತೂತು ಇರಲಿ. ಮುಚ್ಚಳ ಹಾಕೋದನ್ನ ಬೇರೆ ಹೇಳಬೇಕಾ?

ಇಷ್ಟೆಲ್ಲ ಯಾಕೆ ಅಂದ್ರೆ, ಲೆಕ್ಕ ತಪ್ಪಿದಾಗ ಜನ ಮಾಡೋ ಕೆಲಸಕ್ಕೇ ನನಗೆ ಭಯ. ನೀರು ಇನ್ನೂ ಕುದಿದಿಲ್ಲ, ಹಗಲು ಬೆಳಕಲ್ಲಿ ಉರಿ ಕಾಣಲ್ಲ, ಆರಿದೆ ಅಂದ್ಕೊಂಡು ಬಾಟಲಿಯಿಂದಲೇ ಸುರೀತಾರೆ. ಬೆಂಕಿ ಧಾರೆ ಹಿಡಿದು ಬಾಟಲಿಗೇ ಏರುತ್ತೆ. ನಮ್ಮ ಬಡಾವಣೆಯಲ್ಲೇ ಐಐಸಿಟಿ ಇದೆ, ಪಕ್ಕದಲ್ಲೇ ಉಸ್ಮಾನಿಯಾ ವಿಶ್ವವಿದ್ಯಾಲಯ. ಕೆಮಿಸ್ಟ್ರಿ ಲ್ಯಾಬಲ್ಲಿ ಸ್ಪಿರಿಟ್ ಲ್ಯಾಂಪ್ ಹಿಡಿದವರಿಗೆ ನಿಯಮ ಗೊತ್ತು: ಊದಬಾರದು, ಮುಚ್ಚಳದಿಂದ ಆರಿಸಬೇಕು, ಉರೀತಿರುವಾಗ ತುಂಬಬಾರದು. ಒಂದು ಸಲಕ್ಕೆ ಬೇಕಾದಷ್ಟನ್ನ ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳದಲ್ಲಿ ಅಳೆದು ಹಾಕಿ, ಬಾಟಲಿ ಮುಚ್ಚಿ ದೂರ ಇಟ್ಟು ಆಮೇಲೆ ಕಡ್ಡಿ ಗೀರಿ. ಸಾಲದಿದ್ರೆ ಒಲೆ ತಣ್ಣಗಾಗೋವರೆಗೂ ಕಾಯಿರಿ.

ಸ್ಪಿರಿಟ್ ಕೊಳ್ಳುವಾಗ ಲೇಬಲ್ ಓದಿ. ಐಸೊಪ್ರೊಪೈಲ್ ಆದ್ರೆ ಮಸಿ ಹಿಡಿಯುತ್ತೆ. ಮೆಥನಾಲ್ ವಿಷ, ಆವಿಯೂ ಒಳ್ಳೇದಲ್ಲ, ಶಾಖವೂ ಕಮ್ಮಿ. ಇನ್ನೊಂದು, ಕಾಚಿಗುಡದಲ್ಲಿ ಬೆಂಗಳೂರು ರೈಲು ಹತ್ತೋರು ಬರೀ ಒಲೆ, ಪಾತ್ರೆ ತಗೊಂಡು ಹೋಗಿ. ರೈಲಲ್ಲಿ ಸ್ಪಿರಿಟ್ ಒಯ್ಯೋದು ಅಪರಾಧ, ಅದನ್ನ ಇಳಿದ ಊರಲ್ಲೇ ಕೊಂಡುಕೊಳ್ಳಿ.