ಹಳೆಯ ಓಮ್ನಿಗೆ ಎಷ್ಟು ಗಾಳಿ ಬೇಕು?

ಹೊನ್ನಾವರ, ಕುಮಟಾ, ಭಟ್ಕಳ ಸೀಮೆಯಲ್ಲಿ ಮೀನಿನ ಬುಟ್ಟಿಯಿಂದ ಹಿಡಿದು ಶಾಲೆಯ ಮಕ್ಕಳವರೆಗೆ ಎಲ್ಲವನ್ನೂ ಸಾಗಿಸಿದ ವಾಹನಗಳಲ್ಲಿ ಮಾರುತಿ ಓಮ್ನಿಯೂ ಒಂದು. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಿಂದ ರಸ್ತೆಗಿಳಿದ ಈ ವಾಹನದ ತಯಾರಿಕೆ 2019ರಲ್ಲಿ ನಿಂತುಹೋಗಿದ್ದರೂ, ಮುಂದಿನ ಸೀಟಿನ ಕೆಳಗೆ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಹೊತ್ತ ಹಳೆಯ ವ್ಯಾನುಗಳು ಇಂದಿಗೂ ದುಡಿಯುತ್ತಿವೆ. ಅವುಗಳ ಮೈಲೇಜು ಕುಸಿದಾಗ, ಕಂಪನಿಯ ಏರ್ ಫಿಲ್ಟರ್ ಪೆಟ್ಟಿಗೆಯನ್ನು ಕಿತ್ತು, ಹೆಚ್ಚು ಗಾಳಿ ಎಳೆಯುವ ತೆರೆದ ಫಿಲ್ಟರ್ ಹಾಕಿಸಬೇಕೆಂಬ ಸಲಹೆ ಮಾಲೀಕರ ಕಿವಿಗೆ ಬೀಳುವುದುಂಟು. ಈ ಸಲಹೆ ಎಂಜಿನ್ ಕೆಲಸ ಮಾಡುವ ಕ್ರಮಕ್ಕೆ ಹೊಂದುವುದಿಲ್ಲ.

ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ 9,000 ಲೀಟರ್ ಗಾಳಿ. ಎಷ್ಟು ಗಾಳಿ ಒಳಹೋಗಬೇಕೆಂಬುದನ್ನು ನಿರ್ಧರಿಸುವುದು ಥ್ರಾಟಲ್, ಅಂದರೆ ಆಕ್ಸಿಲರೇಟರ್ ಒತ್ತಿದಷ್ಟೇ ತೆರೆದುಕೊಳ್ಳುವ ಬಿಲ್ಲೆ. ಸಾಧಾರಣ ವೇಗದಲ್ಲಿ ಸಾಗುವಾಗ ಈ ಬಿಲ್ಲೆಯೇ ಗಾಳಿಯನ್ನು ತಡೆದು ನಿಂತಿರುವುದರಿಂದ, ಅದರ ಮುಂದೆ ಎಷ್ಟು ಧಾರಾಳವಾದ ಫಿಲ್ಟರ್ ಕೂರಿಸಿದರೂ ಪೆಟ್ರೋಲ್ ಉಳಿಯುವುದಿಲ್ಲ.

ಆದರೆ ಇರುವ ಫಿಲ್ಟರ್ ಕಟ್ಟಿಕೊಂಡರೆ ಕಾರ್ಬೊರೇಟರ್ ಇರುವ ಹಳೆಯ ಓಮ್ನಿಗೆ ನಷ್ಟ ಖಂಡಿತ. ಗಾಳಿಯ ಸೆಳೆತದಿಂದಲೇ ಪೆಟ್ರೋಲನ್ನು ಹೀರಿ ಬೆರೆಸುವ ಈ ಸಾಧನ, ಗಾಳಿಯ ದಾರಿ ಬಿಗಿಯಾದಂತೆ ಅರ್ಧ ಎಳೆದ ಚೋಕಿನ ಹಾಗೆ ವರ್ತಿಸಿ ಮಿಶ್ರಣದಲ್ಲಿ ಪೆಟ್ರೋಲನ್ನು ಹೆಚ್ಚಿಸುತ್ತದೆ. ಅನಂತರ ಬಂದ ಎಂಪಿಎಫ್‌ಐ ಮಾದರಿಗಳಲ್ಲಿ ಸೆನ್ಸರುಗಳು ಗಾಳಿಯ ಪ್ರಮಾಣವನ್ನು ತಿಳಿಸುತ್ತವೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದೆ. ಆದ್ದರಿಂದ ಅಲ್ಲಿ ಎಳೆತ ಕುಗ್ಗುತ್ತದೆಯೇ ಹೊರತು ಮೈಲೇಜು ಅಷ್ಟಾಗಿ ಕುಗ್ಗುವುದಿಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ನಡೆಸಿದ ಪರೀಕ್ಷೆಯೂ ಇದನ್ನೇ ತೋರಿಸಿತು. ಕಟ್ಟಿಕೊಂಡ ಫಿಲ್ಟರ್ ಬದಲಿಸಿದಾಗ ಕಾರ್ಬೊರೇಟರಿನ ಹಳೆಯ ಕಾರುಗಳಿಗೆ ಸಾಮಾನ್ಯವಾಗಿ ಆಗುವ ಲಾಭ ಶೇ. 2ರಿಂದ 6ರಷ್ಟು.

ಕರಾವಳಿಯಲ್ಲಿ ಫಿಲ್ಟರಿಗೆ ಎರಡು ಶತ್ರುಗಳಿವೆ. ಬೇಸಿಗೆಯಲ್ಲಿ ಚಿರೆಕಲ್ಲಿನ ಕೆಂಪು ಧೂಳು ಕಾಗದದ ಮಡಿಕೆಗಳ ಸಂದಿನಲ್ಲಿ ಕೂರುತ್ತದೆ; ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲದಲ್ಲಿ ಮಳೆಗಾಲ ಬಂತೆಂದರೆ ಅದೇ ಕಾಗದ ತೇವ ಹೀರಿ ಉಬ್ಬಿಕೊಂಡು ಗಾಳಿಯನ್ನು ಇನ್ನಷ್ಟು ತಡೆಯುತ್ತದೆ. ಪೆಟ್ಟಿಗೆಯಿಲ್ಲದ ತೆರೆದ ಫಿಲ್ಟರ್ ಇಲ್ಲಿಗೆ ಸಲ್ಲದಿರುವುದಕ್ಕೆ ಇದೇ ಮುಖ್ಯ ಕಾರಣ. ಪೆಟ್ಟಿಗೆ ತೆರೆದಾಗ ಫಿಲ್ಟರನ್ನು ಬಲ್ಬಿನ ಎದುರು ಹಿಡಿದು, ಮಡಿಕೆಗಳ ನಡುವೆ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು. ರಬ್ಬರ್ ಅಂಚಿನ ಒಳಬದಿಯಲ್ಲಿ, ಅಂದರೆ ಶುದ್ಧ ಗಾಳಿ ಮಾತ್ರ ಇರಬೇಕಾದ ಕಡೆಯಲ್ಲಿ, ಧೂಳಿನ ತೆಳು ಗೆರೆ ಕಂಡರೆ ಅದು ಕಟ್ಟಿಕೊಂಡ ಫಿಲ್ಟರಿಗಿಂತ ದೊಡ್ಡ ಅಪಾಯ. ಆ ಧೂಳು ನೇರವಾಗಿ ಸಿಲಿಂಡರ್ ಮತ್ತು ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಗಾಳಿ ಹೊಡೆಸಿ ಶುಚಿ ಮಾಡುವುದಾದರೆ ಕಡಿಮೆ ಒತ್ತಡದಲ್ಲಿ, ಒಳಗಿನಿಂದ ಹೊರಕ್ಕೆ ಹೊಡೆಸಬೇಕು. ಕಾಗದದ ಫಿಲ್ಟರನ್ನು ನೀರಿನಲ್ಲಾಗಲಿ ಪೆಟ್ರೋಲಿನಲ್ಲಾಗಲಿ ತೊಳೆಯಲೇಬಾರದು.

ಗೇರುಸೊಪ್ಪ ಘಟ್ಟ ಏರುವ ವಾಹನಗಳಿಗೆ ಇನ್ನೊಂದು ಮಾತು ಅನ್ವಯಿಸುತ್ತದೆ. ಪ್ರತಿ 100 ಮೀಟರ್ ಎತ್ತರಕ್ಕೆ ಗಾಳಿಯ ಸಾಂದ್ರತೆ ಸುಮಾರು ಶೇ. 1ರಷ್ಟು ಇಳಿಯುವುದರಿಂದ ಕಾರ್ಬೊರೇಟರಿನ ಮಿಶ್ರಣ ಮೇಲೇರಿದಂತೆ ತಾನಾಗಿಯೇ ಪೆಟ್ರೋಲಿನ ಕಡೆಗೆ ವಾಲುತ್ತದೆ, ಕಟ್ಟಿಕೊಂಡ ಫಿಲ್ಟರ್ ಆ ದೋಷವನ್ನು ಹೆಚ್ಚಿಸುತ್ತದೆ. ಡೀಸೆಲ್ ಟೆಂಪೊಗಳಲ್ಲಾದರೆ ಗಾಳಿಯ ಕೊರತೆ ಏರಿನಲ್ಲಿ ಕಪ್ಪು ಹೊಗೆಯಾಗಿ ಎದುರಿಗೇ ಕಾಣಿಸಿಕೊಳ್ಳುತ್ತದೆ.

ಮಿಶ್ರಣದ ಸ್ಥಿತಿ ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಸ್ಪಾರ್ಕ್ ಪ್ಲಗ್ಗಿನ ತುದಿ ತಿಳಿಗಂದು ಬಣ್ಣದ್ದಾಗಿದ್ದರೆ ಮಿಶ್ರಣ ಸರಿಯಿದೆ, ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಹೊಗೆ ತಪಾಸಣೆಯ ಚೀಟಿಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅಂಕಿಯೂ ಇದನ್ನೇ ಹೇಳುತ್ತದೆ. ಬಿಎಸ್-2ಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳಿಗೆ ಇದರ ಮಿತಿ ಶೇ. 3 ಆಗಿದ್ದು, ಅಂಕಿ ಈ ಮಿತಿಯ ಹತ್ತಿರ ಸುಳಿಯುತ್ತಿದ್ದರೆ ಫಿಲ್ಟರ್, ಚೋಕ್, ಬಿರುಕುಬಿಟ್ಟ ರಬ್ಬರ್ ಪೈಪು, ಕಾರ್ಬೊರೇಟರ್ ಹೊಂದಾಣಿಕೆ ಇವನ್ನು ಒಂದೊಂದಾಗಿ ನೋಡಿಸುವುದು ಅಗತ್ಯ. ಮಾಲೀಕರು ಆ ಚೀಟಿಯನ್ನು ಪೊಲೀಸರಿಗೆ ತೋರಿಸಲೆಂದು ಮಾತ್ರ ಇಟ್ಟುಕೊಳ್ಳದೆ, ಮುಂದಿನ ಬಾರಿ ಗ್ಯಾರೇಜಿಗೆ ಹೋಗುವಾಗ ಮೆಕ್ಯಾನಿಕ್ಕಿನ ಕೈಗೂ ಕೊಡಬೇಕು.