ಮುಕ್ತ ತಂತ್ರಾಂಶ: ವರ್ತಕರು ಅರಿಯಬೇಕಾದ ಕೆಲವು ಸಂಗತಿಗಳು

ಚಳ್ಳಕೆರೆಯ ಎಣ್ಣೆ ಗಿರಣಿಯಲ್ಲಾಗಲಿ, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಗಡಿಯಲ್ಲಾಗಲಿ, 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ತರುವಾಯ ಗಣಕಯಂತ್ರವಿಲ್ಲದೆ ಲೆಕ್ಕಪತ್ರ ನಡೆಸುವುದು ದುಸ್ತರವಾಗಿದೆ. ಆದರೆ ಯಂತ್ರದೊಳಗಿನ ತಂತ್ರಾಂಶಕ್ಕೆ ಪರವಾನಗಿ ಇದೆಯೇ ಎಂದು ಕೇಳಿದರೆ, "ಯಂತ್ರ ಕೊಟ್ಟವರೇ ಹಾಕಿಕೊಟ್ಟರು" ಎಂಬ ಉತ್ತರ ಬರುವುದುಂಟು.

ಈ ಉತ್ತರ ಕಾನೂನಿನ ಮುಂದೆ ನಿಲ್ಲುವಂಥದಲ್ಲ. ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದಂತೆ, ಅಕ್ರಮ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸಿದವರಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸವನ್ನೂ, 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡವನ್ನೂ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸಿರದಿದ್ದರೆ ಮಾತ್ರ ನ್ಯಾಯಾಲಯವು ಸೆರೆವಾಸವನ್ನು ಕೈಬಿಡಬಹುದು. ಅಂಗಡಿಯ ಲೆಕ್ಕವನ್ನೇ ಬರೆಯುವ ಯಂತ್ರಕ್ಕೆ ಈ ರಿಯಾಯಿತಿ ದೊರೆಯುವುದೆಂತು?

ಮುಕ್ತ ತಂತ್ರಾಂಶವೆಂದರೆ ಕದ್ದ ಪ್ರತಿಯಲ್ಲ. ಬರಿಯ ಪುಕ್ಕಟೆ ಸರಕೂ ಅಲ್ಲ. ಬಳಸುವ, ಒಳಗಣ ರಚನೆಯನ್ನು ನೋಡುವ, ತಿದ್ದುವ, ಇತರರಿಗೆ ಹಂಚುವ ಹಕ್ಕನ್ನು ಅದರ ಪರವಾನಗಿಯೇ ಕೊಡುತ್ತದೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಘೋಷಿಸಿದ ಗ್ನೂ ಯೋಜನೆ, 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಹೊರತಂದ ಲಿನಕ್ಸ್ ಇದರ ಬುನಾದಿ.

ಇಂತಹ ತಂತ್ರಾಂಶದಲ್ಲಿ ಆಸಕ್ತಿಯುಳ್ಳವರ ನಿತ್ಯದ ರೂಢಿಗಳಲ್ಲಿ ವರ್ತಕರಿಗೆ ಉಪಯುಕ್ತವಾದವು ಕೆಲವಿವೆ. ಅವರು ಕಡತಗಳನ್ನು ಯಾವ ಒಂದು ಕಂಪನಿಗೂ ಸೇರದ ಮಾದರಿಯಲ್ಲಿ ಉಳಿಸುತ್ತಾರೆ. ಲಿಬ್ರೆಆಫೀಸ್ ಬಳಸುವ ಓಡಿಎಫ್ ಮಾದರಿಯು 2006ರಲ್ಲೇ ಅಂತರರಾಷ್ಟ್ರೀಯ ಮಾನಕವಾಗಿದೆ. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಬೆರಳಚ್ಚಿಸುತ್ತಾರೆ. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬರೆದಿಟ್ಟ ಗಿರಾಕಿಗಳ ಪಟ್ಟಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲನ್ನು ಕಂಡವರಿಗೆ ಇದರ ಬೆಲೆಯನ್ನು ಹೇಳಬೇಕಿಲ್ಲ. ದಿನದ ಕೊನೆಗೆ ಕಡತಗಳ ಪ್ರತಿಯೊಂದನ್ನು ಬೇರೆ ಡಿಸ್ಕಿಗೆ ತೆಗೆಯುವುದೂ, ಆ ಪ್ರತಿ ನಿಜಕ್ಕೂ ತೆರೆಯುವುದೇ ಎಂದು ಆಗಾಗ ಪರೀಕ್ಷಿಸುವುದೂ ಅವರ ಅಭ್ಯಾಸ. ಎರಡನೆಯದನ್ನು ಮರೆಯುವವರೇ ಬಹಳ.

ಮೊಳಕಾಲ್ಮೂರಿನ ನೇಯ್ಗೆಯವರಿಗೆ ಗಿಂಪ್ ಎಂಬ ಚಿತ್ರ ತಂತ್ರಾಂಶ ನೆರವಾಗಬಲ್ಲದು. ಜಕಾರ್ಡ್ ವಿನ್ಯಾಸಕ್ಕೆ ಬೇಕಾದ ಚೌಕುಳಿ ನಕ್ಷೆಯಲ್ಲಿ ಒಂದು ಚೌಕಕ್ಕೆ ಒಂದು ಬಿಂದುವಿನಂತೆ ಬಣ್ಣಗಳ ಸಂಖ್ಯೆಯನ್ನು ಮಿತಿಗೊಳಿಸಿ ಸೆರಗಿನ ನವಿಲನ್ನೋ ಅಂಚಿನ ಬುಟ್ಟಾವನ್ನೋ ಬಿಡಿಸಬಹುದು. ಆದರೆ ವಿದ್ಯುನ್ಮಾನ ಜಕಾರ್ಡ್ ಇದ್ದಲ್ಲಿ ಆ ಯಂತ್ರ ಒಪ್ಪುವ ಕಡತವನ್ನು ಮೊದಲು ವಿಚಾರಿಸಿಕೊಳ್ಳುವುದು ಲೇಸು.

ಎಲ್ಲವೂ ಸುಗಮವೆಂದು ಹೇಳುವಂತಿಲ್ಲ. ಟ್ಯಾಲಿಯು ವಿಂಡೋಸ್‌ಗಾಗಿ ರೂಪಿತವಾದುದು. ಜಿಎಸ್‌ಟಿಆರ್-9 ವಾರ್ಷಿಕ ವಿವರಪಟ್ಟಿಗೆ ಜಾಲತಾಣ ಒದಗಿಸುವ ಉಪಕರಣವು ಎಕ್ಸೆಲ್ ಮ್ಯಾಕ್ರೋಗಳನ್ನು ಅವಲಂಬಿಸಿದೆ. ಅದು ಲಿಬ್ರೆಆಫೀಸ್‌ನಲ್ಲಿ ನಡೆದೀತೆಂದು ನೆಚ್ಚಿ ಕೂರಬಾರದು. ಸಂಸ್ಥೆಯು ಕಂಪನಿಯಾಗಿ ನೋಂದಾಯಿತವಾಗಿದ್ದರೆ, 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಬೇಕು. ಮುಂಬಯಿಯ ಫ್ರಾಪೆ ಸಂಸ್ಥೆ ರೂಪಿಸಿದ ಇಆರ್‌ಪಿನೆಕ್ಸ್ಟ್ ಮುಕ್ತ ಪರವಾನಗಿಯದೇ ಆದರೂ, ಅದನ್ನು ಸ್ಥಾಪಿಸಿ ನಿರ್ವಹಿಸಲು ಬಲ್ಲವರ ಸಹಾಯ ಬೇಕು. ಆ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ಪುಕ್ಕಟೆಯೆಂದು ಹಿಗ್ಗುವುದು ಸಲ್ಲದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ, ಲಿನಕ್ಸ್ ಮಿಂಟನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಸ್ಥಾಪಿಸುವ ಆಜ್ಞೆಯನ್ನು ಕೊಡದ ಹೊರತು ಹಾರ್ಡ್ ಡಿಸ್ಕಿನಲ್ಲಿರುವುದು ಹಾಗೆಯೇ ಇರುತ್ತದೆ. ಪ್ರಿಂಟರು, ತೂಕದ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇವು ಮೂರೂ ಕೆಲಸ ಮಾಡುತ್ತವೆಯೇ ಎಂಬುದನ್ನು ಆಗಲೇ ನೋಡಿಕೊಳ್ಳತಕ್ಕದ್ದು. ಲೆಕ್ಕವನ್ನು ಬದಲಿಸುವುದಾದರೆ ಒಂದು ತ್ರೈಮಾಸಿಕ ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ನಡೆಸಿ, ಎರಡರ ಅಖೈರು ಶಿಲ್ಕು ತಾಳೆಯಾದ ಮೇಲೆ ಹಳೆಯದನ್ನು ನಿಲ್ಲಿಸಬಹುದು.